ಬೆಳಗ್ಗೆ ಹನ್ನೊಂದಕ್ಕೆ ಎಲ್ಲವೂ ಚೆನ್ನ: ಅಮ್ಮನಿಗೆ ಆರೈಕೆ ಕೇಂದ್ರ ಹುಡುಕಿದ ನನ್ನ ಅನುಭವ

ನಮ್ಮಲ್ಲಿ ‘ನರ್ಸಿಂಗ್ ಹೋಂ’ ಎಂಬ ಫಲಕ ಕಂಡರೆ ಒಳಗೆ ಹೆರಿಗೆ ವಾರ್ಡ್ ಇರುತ್ತದೆ. ಮರೆವಿನ ಕಾಯಿಲೆಯ ತಾಯಿಗೆ ಜಾಗ ಹುಡುಕಲು ಹೊರಟಾಗ ನನಗೆ ಎದುರಾದ ಮೊದಲ ತೊಡಕೇ ಇದು. ಏನೆಂದು ಕೇಳುವುದು? ಗೊತ್ತಿದ್ದ ಹೆಸರು ವೃದ್ಧಾಶ್ರಮ, ಹಾಗಾಗಿ ಏಳು ವೃದ್ಧಾಶ್ರಮಗಳಿಗೆ ಫೋನ್ ಮಾಡಿದೆ. ಐದು ಕಡೆ ಒಂದೇ ಪ್ರಶ್ನೆ: “ಅವರ ಕೆಲಸ ಅವರೇ ಮಾಡಿಕೊಳ್ಳುತ್ತಾರೆಯೇ?” ಇಲ್ಲ ಎಂದ ಕೂಡಲೇ ಮಾತು ಮುಗಿಯುತ್ತಿತ್ತು. ‘ಡಿಮೆನ್ಷಿಯಾ ಆರೈಕೆ ಕೇಂದ್ರ’ ಎಂದು ಕೇಳಬೇಕು ಎಂಬುದು ತಿಳಿಯುವುದಕ್ಕೇ ಮೂರು ವಾರ ಹಿಡಿಯಿತು.

ಅಮ್ಮ ಪುತ್ತೂರಿನ ಕಡೆಯವರು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 33 ವರ್ಷ ಪಾಠ ಮಾಡಿದವರು. ಅಪ್ಪ ಹೋದ ಮೇಲೆ ಬೆಂಗಳೂರಿಗೆ, ನನ್ನ ಮನೆಗೆ ಬಂದರು. ಅಣ್ಣ ಮುಂಬಯಿಯಲ್ಲಿ. ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ, ಕೇಳಿದ್ದನ್ನೇ ಕೇಳಿದಾಗ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾದೆವು. ಆ ಗಾದೆಯಿಂದ ನಾವು ಕಳೆದುಕೊಂಡದ್ದು ಸರಿಯಾಗಿ ಎರಡು ವರ್ಷ. ಕೊನೆಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 14 ಅಂಕ ಬಂತು. ಪರೀಕ್ಷೆ ಮಾಡಿದ ಹುಡುಗಿಗೆ ಅಮ್ಮ, “ಪ್ರಶ್ನೆಪತ್ರಿಕೆ ಸರಿಯಿಲ್ಲ” ಎಂದರು.

ಮನೆಯಲ್ಲೇ ನೋಡಿಕೊಳ್ಳಲು ಪ್ರಯತ್ನಿಸದೆ ಇರಲಿಲ್ಲ. ಏಜೆನ್ಸಿಯೊಂದರಿಂದ ಎಂಟು ತಿಂಗಳಲ್ಲಿ ಆರು ಜನ ಬಂದು ಹೋದರು. ಅಮ್ಮ ಒಬ್ಬರ ಮುಖಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ರಾತ್ರಿ ಎರಡೂವರೆಗೆ ಅಪಾರ್ಟ್‌ಮೆಂಟಿನ ಕಾವಲುಗಾರ ಗಂಟೆ ಬಾರಿಸಿದ. ಅಮ್ಮ ನೆರಿಗೆ ಸರಿಯಾಗಿ ಹಿಡಿದು ಸೀರೆ ಉಟ್ಟು, ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ ಹಿಡಿದು ಗೇಟಿನ ಬಳಿ ನಿಂತಿದ್ದರು. “ಬಸ್ ತಪ್ಪಿದರೆ ಹೆಡ್‌ಮಾಸ್ತರರು ಸಹಿ ಹಾಕಲು ಬಿಡುವುದಿಲ್ಲ” ಎಂದು ಆತನನ್ನು ಗದರಿಸುತ್ತಿದ್ದರಂತೆ. ಮರುದಿನವೇ ಅಣ್ಣನಿಗೆ ಫೋನ್ ಮಾಡಿದೆ. ನೆಂಟರು ಏನೆಂದರು ಎಂಬುದನ್ನು ಬರೆಯುವುದಿಲ್ಲ. ಎಲ್ಲರ ನೆಂಟರೂ ಅದನ್ನೇ ಅನ್ನುತ್ತಾರೆ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಎಂಬುದು 2023ರ ಅಧ್ಯಯನವೊಂದರ ಅಂದಾಜು. ಇದಕ್ಕೆಂದೇ ಇರುವ ಕೇಂದ್ರಗಳು ಮಾತ್ರ ಬೆರಳೆಣಿಕೆಯವು. ಬೆಂಗಳೂರಿನವರಿಗೆ ಒಂದು ಅನುಕೂಲವಿದೆ: ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಕೇಂದ್ರದಂಥವು ಇಲ್ಲಿವೆ, ಖಾಸಗಿಯವೂ ಹುಟ್ಟಿಕೊಂಡಿವೆ. ನಾನು ಒಟ್ಟು ಆರು ಕಡೆ ನೋಡಿ ಬಂದೆ.

ಮೊದಲ ಸುತ್ತಿನಲ್ಲಿ ನಾನು ಮಾಡಿದ್ದೆಲ್ಲ ತಪ್ಪು. ಸಮಯ ಗೊತ್ತು ಮಾಡಿಕೊಂಡು ಬೆಳಗ್ಗೆ ಹನ್ನೊಂದಕ್ಕೆ ಹೋಗುತ್ತಿದ್ದೆ. ಹನ್ನೊಂದಕ್ಕೆ ಎಲ್ಲ ಕಡೆಯೂ ಅಜ್ಜ-ಅಜ್ಜಿಯರಿಗೆ ಸ್ನಾನವಾಗಿರುತ್ತದೆ, ತಲೆ ಬಾಚಿರುತ್ತದೆ, ಯಾರೋ ಚೆಂಡು ಎಸೆದು ಆಟ ಆಡಿಸುತ್ತಿರುತ್ತಾರೆ. ನಾನು ನೆಲದ ಟೈಲ್ಸ್, ಲಿಫ್ಟ್, ಊಟದ ಪಟ್ಟಿ ನೋಡಿ ಬರುತ್ತಿದ್ದೆ. ಒಂದು ಕಡೆ ಸ್ವಾಗತ ಕೋಣೆಯಲ್ಲಿ ಬಣ್ಣಬಣ್ಣದ ಮೀನಿನ ತೊಟ್ಟಿ. ಅಣ್ಣನಿಗೆ ಅದರ ಫೋಟೋ ಕಳಿಸಿದೆ, ಅವನೂ “ಇದೇ ಇರಲಿ” ಎಂದ. ಮುಂಗಡದ ಚೆಕ್ ಕೊಡಲು ಅದೇ ಜಾಗಕ್ಕೆ ಹೋದದ್ದು, ಕಚೇರಿಯಲ್ಲಿ ತಡವಾಗಿ, ಸಂಜೆ ಆರೂ ಮುಕ್ಕಾಲಿಗೆ. ಮೀನುಗಳು ಈಜುತ್ತಲೇ ಇದ್ದವು. ಅದರ ಹಿಂದಿನ ಹಜಾರದಲ್ಲಿ ಒಬ್ಬ ಅಜ್ಜಿಯನ್ನು ಸೊಂಟಕ್ಕೆ ದುಪ್ಪಟ್ಟಾ ಸುತ್ತಿ ಕುರ್ಚಿಗೆ ಕಟ್ಟಿದ್ದರು. ಗಂಟು ಕುರ್ಚಿಯ ಬೆನ್ನ ಹಿಂದೆ, ಆಕೆಯ ಕೈಗೆ ಸಿಗದ ಹಾಗೆ. ಬಿಗಿಯಾಗಿಯೇನೂ ಕಟ್ಟಿರಲಿಲ್ಲ. ಆಕೆ ಅಂಚನ್ನು ಬೆರಳಿನಿಂದ ಮಡಿಸುತ್ತ, ಬಿಡಿಸುತ್ತ ಕೂತಿದ್ದರು. “ಬಿದ್ದುಬಿಡುತ್ತಾರೆ ಮೇಡಂ, ಅದಕ್ಕೆ” ಎಂದರು ಅಲ್ಲಿಯ ಸಿಬ್ಬಂದಿ. ಚೆಕ್ಕನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಈ ಕಾಯಿಲೆಯವರಿಗೆ ಕಷ್ಟದ ಸಮಯವೆಂದರೆ ಹೊತ್ತು ಮುಳುಗುವಾಗಲೇ. ಬೆಳಕು ಇಳಿಯುತ್ತಿದ್ದಂತೆ ದಿಗಿಲು, ಅಲೆದಾಟ, ಮನೆಗೆ ಹೋಗಬೇಕೆಂಬ ಹಟ ಶುರುವಾಗುತ್ತದೆ. ಬೆಳಗಿನ ಸಿಬ್ಬಂದಿ ಹೊರಟು ರಾತ್ರಿಯವರು ಬರುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಒಂದು ಕೇಂದ್ರದ ನಿಜವಾದ ಮುಖ ಕಾಣುವುದು ಆಗ. ಎರಡನೆಯ ಸುತ್ತಿನಲ್ಲಿ ನಾನು ಸಂಜೆ ಆರರಿಂದ ಎಂಟರ ನಡುವೆ, ಹೇಳದೆ ಹೋದೆ. “ಈಗ ಒಳಗೆ ಬಿಡುವುದಿಲ್ಲ” ಎಂದ ಎರಡು ಜಾಗಗಳನ್ನು ಅಲ್ಲಿಯೇ ಕೈಬಿಟ್ಟೆ. ಇನ್ನೊಂದು ಕಡೆ ಆರೂವರೆಗೆಲ್ಲ ಎಲ್ಲರನ್ನೂ ಮಲಗಿಸಿ ದೀಪ ಆರಿಸಿದ್ದರು. ಆರೂವರೆಗೆ ಇಪ್ಪತ್ತು ಜನ ತಾವಾಗಿ ನಿದ್ದೆ ಹೋಗುವುದಿಲ್ಲ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಾಯಿಸಿಕೊಂಡೆ. “ರಾತ್ರಿ ಸಿಬ್ಬಂದಿ ಇರುತ್ತಾರೆಯೇ?” ಎಂದರೆ “ಇಪ್ಪತ್ನಾಲ್ಕು ಗಂಟೆಯೂ ಇರುತ್ತಾರೆ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. “ನಿನ್ನೆ ರಾತ್ರಿ ಎಷ್ಟು ಜನ ಇದ್ದರು? ಡ್ಯೂಟಿ ಪಟ್ಟಿ ತೋರಿಸಿ” ಎನ್ನಬೇಕು. ಒಂದು ಕಡೆ 26 ಜನರಿಗೆ ರಾತ್ರಿ ಇಬ್ಬರು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. 26 ಜನರಲ್ಲಿ ಎಂಟು ಜನ ಅಂಥವರಿದ್ದರೂ ಆ ಇಬ್ಬರಿಂದ ಅದು ಆಗುವ ಕೆಲಸವಲ್ಲ. ಹಾಗೆಯೇ ಮಂಪರು ಬರಿಸುವ ಮಾತ್ರೆಗಳ ವಿಷಯ. “ನಮ್ಮಲ್ಲಿ ಎಲ್ಲರೂ ಶಾಂತವಾಗಿರುತ್ತಾರೆ” ಎಂಬ ಮಾತು ಕೇಳಿದರೆ ನನಗೀಗ ಹೆದರಿಕೆ. ಗಲಾಟೆ ಅಡಗಿಸಲು ಕೊಡುವ ಮನೋರೋಗದ ಮಾತ್ರೆಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಕೊಡಲೇಬಾರದು ಎಂದಲ್ಲ, ಯಾರು ಬರೆದರು, ಎಷ್ಟು ದಿನಕ್ಕೆ, ಮನೆಯವರಿಗೆ ಹೇಳಿದರೇ ಎಂಬುದನ್ನು ಕೇಳಬೇಕು. ಆರು ಕೇಂದ್ರಗಳಲ್ಲಿ ಈ ಪ್ರಶ್ನೆಗೆ ಮುಖ ಸಿಂಡರಿಸದೆ ಫೈಲ್ ತೆರೆದು ತೋರಿಸಿದ್ದು ಒಬ್ಬ ನರ್ಸ್ ಮಾತ್ರ.

ಇಷ್ಟಾದರೂ ನನಗೆ ಹೊಳೆಯದೇ ಹೋದ ಸಂಗತಿಯೊಂದಿತ್ತು: ಭಾಷೆ. ಅಮ್ಮ ಮಕ್ಕಳಿಗೆ ಕಲಿಸಿದ್ದು ಕನ್ನಡ, ಹುಟ್ಟಿನಿಂದ ಆಡಿದ್ದು ತುಳು. ಕಾಯಿಲೆ ಇತ್ತೀಚಿನದನ್ನು ಮೊದಲು ಒಯ್ಯುತ್ತದೆ, ಹಳೆಯದನ್ನು ಕೊನೆಗೆ. ಕನ್ನಡ ಮೆಲ್ಲಮೆಲ್ಲನೆ ಸವೆದು ಅಮ್ಮನ ಬಾಯಲ್ಲಿ ತುಳು ಮಾತ್ರ ಉಳಿಯತೊಡಗಿತ್ತು. ನಾನು ನೋಡಿದ ಕೇಂದ್ರಗಳಲ್ಲಿ ಆಯಾಗಳ ಕೆಲಸಕ್ಕಿದ್ದವರು ಬಹುಪಾಲು ಒಡಿಶಾ, ಜಾರ್ಖಂಡ್, ಅಸ್ಸಾಮಿನ ಹುಡುಗಿಯರು. ಕೆಲಸದಲ್ಲಿ ಕೊರತೆಯಿಲ್ಲ, ಹಲವರು ಮೃದು ಸ್ವಭಾವದವರೇ. ಆದರೆ ಅಮ್ಮ ‘ನೀರ್’ ಎಂದರೆ ಅವರಿಗೆ ಅರ್ಥವಾದೀತು, ‘ನುಪ್ಪು’ ಎಂದರೆ ಅನ್ನ ಎಂದು ಹೇಗೆ ತಿಳಿಯಬೇಕು? ಹೊಟ್ಟೆ ನೋವು ಎಂಬುದನ್ನು ಯಾರಿಗೆ ಹೇಳಬೇಕು? ಎಲ್ಲ ಲೆಕ್ಕದಲ್ಲೂ ಮೇಲಿದ್ದ ಒಂದು ಕೇಂದ್ರಕ್ಕೆ ಅಮ್ಮನನ್ನು ಅರ್ಧ ದಿನ ಕರೆದುಕೊಂಡು ಹೋಗಿದ್ದೆವು. ಊಟಕ್ಕೆ ಚಪಾತಿ, ಮಾತಿಗೆ ಹಿಂದಿ. ಅಮ್ಮ ತಟ್ಟೆ ಮುಟ್ಟಲಿಲ್ಲ. “ಊಟ ನಿರಾಕರಿಸುತ್ತಾರೆ” ಎಂದು ಅವರು ಪುಸ್ತಕದಲ್ಲಿ ಬರೆದುಕೊಂಡರು.

ನಾವು ಕೊನೆಗೆ ಆರಿಸಿಕೊಂಡ ಜಾಗಕ್ಕೆ ಲಿಫ್ಟ್ ಇಲ್ಲ, ಮೀನಿನ ತೊಟ್ಟಿಯೂ ಇಲ್ಲ. ನೆಲಮಹಡಿಯ ಹಳೆಯ ಮನೆ, ಹದಿನಾಲ್ಕು ಜನ, ರಾತ್ರಿಗೆ ಮೂವರು. ಫೈಲ್ ತೋರಿಸಿದ ನರ್ಸ್ ಇರುವುದು ಇಲ್ಲಿಯೇ. ಸಂಜೆ ಹೋದಾಗ ಒಬ್ಬ ಅಜ್ಜ ಮನೆಗೆ ಹೋಗುತ್ತೇನೆ ಎಂದು ಬಾಗಿಲು ಬಡಿಯುತ್ತಿದ್ದರು. ಆಯಾ ಅವರನ್ನು ಎಳೆದು ತರಲಿಲ್ಲ; ಚಪ್ಪಲಿ ಹಾಕಿಸಿ, ಹಿತ್ತಿಲಿನ ಸುತ್ತ ಎರಡು ಸುತ್ತು ಹಾಕಿಸಿ ಕರೆತಂದಳು. ಆದರೆ ನಿಜವಾಗಿ ತೀರ್ಮಾನವಾದದ್ದು ಅಡುಗೆಮನೆಯಲ್ಲಿ. ಅಲ್ಲಿಯ ಹೆಂಗಸು ಬೆಳ್ತಂಗಡಿಯವರು. ಅಮ್ಮನನ್ನು ಕಂಡು, “ಟೀಚರ್ರೆ, ಉಣಸ್ ಆಂಡಾ?” ಎಂದರು, ಊಟ ಆಯಿತೇ ಎಂದು. ಅಮ್ಮ ತಿರುಗಿ ನೋಡಿದ ರೀತಿಯನ್ನು ನಾನು ತಿಂಗಳುಗಳಿಂದ ಕಂಡಿರಲಿಲ್ಲ. ಮರುದಿನದಿಂದ ಅಮ್ಮನ ಪಾಲಿಗೆ ಒಂದು ಹಿಡಿ ಕುಚ್ಚಲಕ್ಕಿ ಬೇರೆ ಬೇಯಿಸುವುದೆಂದು ಅವರೇ ಒಪ್ಪಿಕೊಂಡರು. ಅಕ್ಕಿ ನಾನು ತಂದುಕೊಡುವುದು.

ದುಡ್ಡಿನ ಮಾತು. ನಾನು ನೋಡಿದ ಕಡೆಗಳಲ್ಲಿ ತಿಂಗಳಿಗೆ 32 ಸಾವಿರದಿಂದ 75 ಸಾವಿರದವರೆಗೆ ಕೇಳಿದರು. ಅಮ್ಮನದು 42 ಸಾವಿರ; ಅವರ ಪಿಂಚಣಿಗೆ ಅಣ್ಣ ಮತ್ತು ನಾನು ಸಮನಾಗಿ ಸೇರಿಸುತ್ತೇವೆ. ಹೇಳಿದ ಮೊತ್ತವೇ ಕೊನೆಯಲ್ಲ. ಡೈಪರ್, ಔಷಧಿ, ಫಿಸಿಯೊಥೆರಪಿ, ವೈದ್ಯರ ಭೇಟಿ ಬೇರೆ. ಕರಾರುಪತ್ರದಲ್ಲಿ ಮೂರು ಸಾಲು ಬರೆಸಿಕೊಂಡೆವು: ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಎಷ್ಟು ಕೊಡಬೇಕು, ಮುಂಗಡ ಎಷ್ಟು ದಿನದಲ್ಲಿ ವಾಪಸು, ನಡುರಾತ್ರಿ ಏನಾದರೂ ಆದರೆ ಯಾವ ಆಸ್ಪತ್ರೆಗೆ, ಯಾರು ಜೊತೆಗೆ. ಮೂರನೆಯದನ್ನು ಅವರೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಕಾಗದಪತ್ರದಲ್ಲಿ ನಾವು ಎಡವಿದ್ದೂ ಇದೆ. ಅಮ್ಮನಿಗೆ ತಿಳಿವಳಿಕೆ ಇದ್ದಾಗಲೇ ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ, ಉಯಿಲು ಬರೆಸಬೇಕಿತ್ತು. ಆಮೇಲೆ ಜಿಪಿಎ, ಅಂದರೆ ಅಮ್ಮನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಮಾಡಿಸೋಣ ಎಂದು ವಕೀಲರ ಬಳಿ ಹೋದರೆ, ಬರೆದುಕೊಡುವವರಿಗೆ ಅರ್ಥವೇ ಆಗದ ಅಧಿಕಾರಪತ್ರ ನಿಲ್ಲುವುದಿಲ್ಲ, ಮೊದಲೇ ಬರೆದಿದ್ದರೂ ಬುದ್ಧಿಸಾಮರ್ಥ್ಯ ಹೋದ ಮೇಲೆ ಅದರ ಬಲ ಹೋಗುತ್ತದೆ, ಇನ್ನು ಹೈಕೋರ್ಟಿನಿಂದ ಪಾಲಕರ ನೇಮಕವೇ ದಾರಿ ಎಂದರು. ಪಿಂಚಣಿಗೆ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕಲ್ಲ, ಈಗ ಮೊಬೈಲಿಗೆ ಮುಖ ತೋರಿಸಿದರೆ ಸಾಕು. ಆದರೆ ಅದು ಕಣ್ಣು ಮಿಟುಕಿಸಲು ಹೇಳುತ್ತದೆ. ಅಮ್ಮ ಮೊಬೈಲನ್ನು ದುರುಗುಟ್ಟಿ ನೋಡಿದರೇ ಹೊರತು ಮಿಟುಕಿಸಲಿಲ್ಲ. ಹದಿನೇಳನೆಯ ಸಲಕ್ಕೆ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬಂದು ಕಣ್ಣು ಮಿಟುಕಿತು. ಸರ್ಕಾರದ ದಾಖಲೆಯಲ್ಲಿ ಅಮ್ಮ ಇನ್ನೊಂದು ವರ್ಷ ಬದುಕಿದರು.

ಸೇರಿಸುವ ದಿನ ನಾನು ಒಯ್ದದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಹಾಳೆ. ಅಮ್ಮನನ್ನು ‘ಅಜ್ಜಿ’ ಎಂದು ಕರೆದರೆ ತಿರುಗುವುದಿಲ್ಲ, ‘ಟೀಚರ್’ ಎನ್ನಿ. ತಲೆಯ ಮೇಲಿನಿಂದ ಶವರ್ ನೀರು ಬಿದ್ದರೆ ಕಿರುಚುತ್ತಾರೆ. ಬಕೆಟ್ಟಿನಲ್ಲಿ ಬಿಸಿನೀರು, ಕೈಗೆ ಸ್ಟೀಲಿನ ಚೊಂಬು ಕೊಡಿ, ಮೊದಲ ಚೊಂಬು ಅವರೇ ಕಾಲಿಗೆ ಹೊಯ್ದುಕೊಳ್ಳಲಿ. ಹತ್ತು ತುಳು ಮಾತುಗಳನ್ನು ಹಿಂದಿ ಅರ್ಥದೊಂದಿಗೆ ಬರೆದಿದ್ದೆ. ಜಾರ್ಖಂಡಿನ ಹುಡುಗಿ ಅದನ್ನು ಸ್ನಾನದ ಮನೆಯ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. “ಬಲೆ ಟೀಚರ್, ಬಲೆ” (ಬನ್ನಿ ಟೀಚರ್, ಬನ್ನಿ) ಎನ್ನುವ ಅವಳ ತುಳುವಿಗೆ ನನ್ನ ನಗು ತಡೆಯುವುದಿಲ್ಲ, ಅಮ್ಮ ಮಾತ್ರ ಗಂಭೀರವಾಗಿ ಎದ್ದು ಹೋಗುತ್ತಾರೆ.

ಮೂರನೆಯ ತಿಂಗಳಲ್ಲಿ ಅಮ್ಮ ಒಂದೇ ದಿನದಲ್ಲಿ ಪೂರ್ತಿ ಕೆಟ್ಟರು. ಗೋಡೆಯಲ್ಲಿ ಮಕ್ಕಳು ಕಾಣುತ್ತಿದ್ದರು, ರಾತ್ರಿಯಿಡೀ ಹಾಜರಿ ಕೂಗುತ್ತಿದ್ದರು. ಕಾಯಿಲೆ ಮುಂದಿನ ಹಂತಕ್ಕೆ ಹೋಯಿತೆಂದು ನಾನು ಅತ್ತೆ. ನರ್ಸ್ ಮಾತ್ರೆ ಹೆಚ್ಚಿಸಲಿಲ್ಲ. “ಇದ್ದಕ್ಕಿದ್ದಂತೆ ಹೀಗಾದರೆ ಮೊದಲು ಮೂತ್ರ ಪರೀಕ್ಷೆ” ಎಂದರು. ಮೂತ್ರದ ಸೋಂಕೇ ಆಗಿತ್ತು. ವೈದ್ಯರು ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಒಂದು ವಾರದಲ್ಲಿ ಗೋಡೆಯ ಮಕ್ಕಳು ಮನೆಗೆ ಹೋದರು.

ಈಗಲೂ ವಾರಕ್ಕೆರಡು ಸಲ, ಬೇರೆ ಬೇರೆ ಹೊತ್ತಿಗೆ ಹೋಗುತ್ತೇನೆ. ಈ ವಾರ ಬೆಳ್ತಂಗಡಿಯ ಹೆಂಗಸು ಮಗಳ ಮದುವೆಗೆಂದು ಇಪ್ಪತ್ತು ದಿನ ರಜೆಯ ಮೇಲೆ ಊರಿಗೆ ಹೋಗಿದ್ದಾರೆ. ಬದಲಿಗೆ ಬಂದವರು ಕುಚ್ಚಲಕ್ಕಿಯನ್ನು ಕುಕ್ಕರಿನಲ್ಲಿ ಮೂರು ಸೀಟಿಗೆ ಇಳಿಸಿದರಂತೆ; ಅಮ್ಮ ಒಂದು ಅಗುಳು ಬಾಯಿಗಿಟ್ಟು ಉಗಿದರಂತೆ. ಹಾಗಾಗಿ ನಾನೀಗ ದಿನಾ ಬೆಳಗ್ಗೆ ಐದಕ್ಕೆ ಎದ್ದು ಗಂಜಿ ಬೇಯಿಸಿ, ಕಚೇರಿಗೆ ಹೋಗುವ ದಾರಿಯಲ್ಲಿ ಡಬ್ಬಿ ಕೊಟ್ಟು ಹೋಗುತ್ತಿದ್ದೇನೆ. ಇನ್ನು ಹದಿಮೂರು ದಿನ.