ಸಸೂನ್ ಡಾಕ್‌ನಲ್ಲಿ ಪ್ರಾಣಿ ವರ್ಗೀಕರಣ

ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಿದ್ದಾಗ ನನಗೊಂದು ಅನುಕೂಲ ಇತ್ತು. ಹುಡುಗರಲ್ಲಿ ಸುಮಾರು ಜನ ಹಗಲು ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರು. ಮೀನು ಕೊಯ್ಯುವುದರಲ್ಲಿ ಅವರ ಕೈ ನನಗಿಂತ ಚೆನ್ನಾಗಿ ಪಳಗಿತ್ತು. ಹಾಗಾಗಿ ಪ್ರಾಣಿ ವರ್ಗೀಕರಣದ ಪಾಠ ಬಂತೆಂದರೆ ವಂಶಗಳ (ಅಂದರೆ ಫೈಲಮ್, ಪ್ರಾಣಿಗಳ ದೊಡ್ಡ ಗುಂಪುಗಳು) ಹೆಸರು ಬಾಯಿಪಾಠ ಮಾಡಿಸುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಸಸೂನ್ ಡಾಕ್‌ನ ಮೀನು ಬಂದರಿಗೆ ಕರೆದುಕೊಂಡು ಹೋಗುತ್ತಿದ್ದೆ. ಬಂಗುಡೆ, ಸಿಗಡಿ, ಏಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಚಿಪ್ಪುಮೀನು), ಸಿಕ್ಕರೆ ಒಂದು ಮರಿ ತಾಟೆ (ಶಾರ್ಕ್), ಎಲ್ಲ ಸ್ವಲ್ಪ ಸ್ವಲ್ಪ ಕೊಳ್ಳುತ್ತಿದ್ದೆವು. ಕೊಳ್ಳುವಾಗ ಚೌಕಾಸಿ ಹುಡುಗರದ್ದೇ.

ಮೇಜಿನ ಮೇಲೆ ಹರವಿದ ಮೇಲೆ ಕೇಳುತ್ತಿದ್ದದ್ದು ಸುಲಭದ ಪ್ರಶ್ನೆಗಳು. ನಡುವೆ ಸೀಳಿದರೆ ಎರಡು ಕಡೆ ಒಂದೇ ಥರ ಇರುತ್ತಾ? ಕಾಲಿಗೆ ಕೀಲು ಇದೆಯಾ? ಬೆನ್ನುಮೂಳೆ ಇದೆಯಾ? ಸಿಗಡಿ, ಏಡಿ ಬೇಗ ಮುಗಿಯುತ್ತಿದ್ದವು. ಗಟ್ಟಿ ಹೊರಕವಚ, ಕೀಲಿರುವ ಕಾಲು, ಅಲ್ಲಿಗೆ ಸಂಧಿಪದಿ. "ಹಾಗಾದ್ರೆ ಜಿರಳೆನೂ ಇದೇ ಗುಂಪಾ ಸಾರ್?" ಅಂತ ಯಾರಾದರೂ ಕೇಳೇ ಕೇಳುತ್ತಿದ್ದರು. ಹೌದು, ವಂಶ ಒಂದೇ. ಜಿರಳೆಗೆ ಮೀಸೆ ಒಂದು ಜೋಡಿ, ಸಿಗಡಿಗೆ ಎರಡು ಜೋಡಿ. ಉತ್ತರ ಕೇಳಿ ಒಬ್ಬಿಬ್ಬರು ಸಿಗಡಿ ತಿನ್ನುವುದನ್ನೇ ಬಿಡುತ್ತಿದ್ದರು, ಸ್ವಲ್ಪ ದಿನದ ಮಟ್ಟಿಗೆ.

ತಕರಾರು ಬರುತ್ತಿದ್ದದ್ದು ಬೊಂಡಾಸಿನಲ್ಲಿ. ಅದನ್ನು ಕ್ಲೀನ್ ಮಾಡುವಾಗ ಒಳಗಿಂದ ಗರಿಯಂಥ ತೆಳ್ಳನೆಯ ಕಡ್ಡಿ ಬರುತ್ತದಲ್ಲ, ಗಾಜಿನ ಹಾಗೆ ಪಾರದರ್ಶಕ? "ಇದು ಬೆನ್ನುಮೂಳೆ ಅಲ್ವಾ ಸಾರ್?" ನಾನು ಉತ್ತರ ಹೇಳುತ್ತಿರಲಿಲ್ಲ. ಬಂಗುಡೆಯ ಮೂಳೆ ಬಿಡಿಸಿ ಪಕ್ಕದಲ್ಲಿ ಇಡಿ ಎನ್ನುತ್ತಿದ್ದೆ. ಬಂಗುಡೆಯದ್ದು ಮಣಿ ಮಣಿಯಾಗಿ ಜೋಡಿಸಿದ್ದು. ಮಣಿಗಳ ಮೇಲಿನ ಕಮಾನಿನೊಳಗೆ ಬಿಳಿ ದಾರದಂತೆ ನರಹುರಿ ಹೋಗಿರುತ್ತದೆ, ಸೂಜಿಯಿಂದ ಎಳೆದರೆ ಬರುತ್ತದೆ. ಬೊಂಡಾಸಿನ ಕಡ್ಡಿಯಲ್ಲಿ ಮಣಿಯೂ ಇಲ್ಲ, ಹುರಿಯೂ ಇಲ್ಲ. ಅದು ಕೈಟಿನ್ (ಸಿಗಡಿಯ ಕವಚದಲ್ಲೂ ಇರುವ ವಸ್ತು), ಹಿಂದಿನ ಕಾಲದ ಚಿಪ್ಪು ಒಳಸೇರಿ ಉಳಿದದ್ದು. ಇನ್ನು ನಾವು ಉಂಗುರ ಉಂಗುರ ಕತ್ತರಿಸಿ ಹುರಿಯುವ ಭಾಗ ಅದರ ಮ್ಯಾಂಟಲ್, ಅಂದರೆ ಒಳಗಿನ ಅಂಗಗಳನ್ನು ಸುತ್ತಿರುವ ಹೊದಿಕೆ. ಮರುವಾಯಿಯ ಚಿಪ್ಪು ತೆರೆದರೆ ಒಳಮೈಗೆ ಅಂಟಿರುವ ತೆಳು ಪದರವೂ ಮ್ಯಾಂಟಲ್ಲೇ. ಒಂದು ಸರಸರ ಈಜುತ್ತದೆ, ಇನ್ನೊಂದು ಮರಳಲ್ಲಿ ಹೂತು ಕೂರುತ್ತದೆ. ಆದರೂ ಎರಡೂ ಮೃದ್ವಂಗಿಗಳು.

ಹುಡುಗರಿಗೆ ಗೊಂದಲವಾದದ್ದರಲ್ಲಿ ತಪ್ಪಿಲ್ಲ. 1758ರಲ್ಲಿ ಜೀವಿಗಳ ವರ್ಗೀಕರಣಕ್ಕೆ ಬುನಾದಿ ಹಾಕಿದ ಸ್ವೀಡನ್ನಿನ ಲಿನೇಯಸ್ ಕೂಡ ಚಿಪ್ಪಿನ ಜೀವಿಗಳನ್ನು ಬೇರೆ ಇಟ್ಟು, ಬೊಂಡಾಸಿನ ಬಳಗವನ್ನು ಜೆಲ್ಲಿ ಮೀನು, ನಕ್ಷತ್ರ ಮೀನಿನ ಜೊತೆ ಹಾಕಿದ್ದ. ತಾಟೆಯನ್ನಂತೂ ಕಪ್ಪೆ, ಹಾವುಗಳ ಸಾಲಿಗೆ ಸೇರಿಸಿದ್ದ! ಆ ಶತಮಾನದ ಕೊನೆಗೆ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೇ (Cuvier) ಮೈ ಕೊಯ್ದು ಒಳಗಿನ ರಚನೆ ನೋಡಲು ಶುರು ಮಾಡಿದ ಮೇಲೆ ಮೃದ್ವಂಗಿಗಳ ಗುಂಪು ಒಂದು ಹದಕ್ಕೆ ಬಂತು.

ತಾಟೆಯ ಅಸ್ಥಿಗೆ ಚಾಕುವಿನ ತುದಿ ಸಲೀಸಾಗಿ ಇಳಿಯುತ್ತದೆ, ಏಕೆಂದರೆ ಅದು ಮೃದ್ವಸ್ಥಿ. ಕಿವಿರಿಗೆ ಬಂಗುಡೆಯ ಹಾಗೆ ಮುಚ್ಚಳ ಇಲ್ಲ, ಬರೀ ಸೀಳುಗಳು. ಹಾಗಿದ್ದರೂ ಅದು ಕಶೇರುಕವೇ, ಅಂದರೆ ಬೆನ್ನುಮೂಳೆ ಇರುವ ಪ್ರಾಣಿಯೇ.

ಮಾರ್ಕೆಟ್‌ನಲ್ಲಿ ಸಿಗದವು ಇದ್ದೇ ಇವೆ. ಮಳೆಗಾಲದಲ್ಲಿ ಜುಹೂ ದಡಕ್ಕೆ ಬಂದು ಬೀಳುವ ನೀಲಿ ಬಲೂನಿನಂಥ ಬ್ಲೂ ಬಾಟಲ್ ಎಂಬ ಕಡಲಜೀವಿ ತೋರಿಸಿ, ಕುಟುಕು ಕಣ ಅಂದರೆ ಏನು ಅಂತ ದೂರದಿಂದಲೇ ಹೇಳುತ್ತಿದ್ದೆ. ಸತ್ತು ಬಿದ್ದಿದ್ದರೂ ಕುಟುಕುತ್ತದೆ, ಮುಟ್ಟಬಾರದು. ಬ್ಯಾಲನೋಗ್ಲಾಸಸ್ ಎಂಬ ಹುಳುವಿನಂಥ ಕಡಲಜೀವಿ ಮಾತ್ರ ಯಾವ ಕೋಳಿಣಿಯ (ಮೀನು ಮಾರುವ ಕೋಳಿ ಹೆಂಗಸಿನ) ಬುಟ್ಟಿಯಲ್ಲೂ ಸಿಗುವುದಿಲ್ಲ. ಸೊಂಡಿಲು, ಕತ್ತುಪಟ್ಟಿ, ಮುಂಡ ಅಂತ ಮೂರು ಭಾಗ ಮಾಡಿ ಬೋರ್ಡ್ ಮೇಲೆ ಬಿಡಿಸುತ್ತಿದ್ದೆ. ಪರೀಕ್ಷೆಗೆ ಕೇಳುವುದು ಅದನ್ನೇ ಜಾಸ್ತಿ.