ಮರದ ಹಿಡಿಯ ಮಡಚು ಚಾಕು ಮಳೆಗಾಲ ದಾಟಿತು

"ಮರದ ಹಿಡಿ ಮಾರಾಯಾ, ಜುಲೈಯಲ್ಲಿ ಉಬ್ಬಿ ಕಚ್ಕೊಂಡು ಕೂರ್ತದೆ, ಆಮೇಲೆ ಸುತ್ತಿಗೆ ತಗೊಂಡು ಬಿಡಿಸ್ಬೇಕು" ಅಂತ ನನಗೆ ಬುದ್ಧಿ ಹೇಳಿದವರ ಪಟ್ಟಿ ದೊಡ್ಡದಿದೆ. ಈಗ ಅವರಲ್ಲೇ ಕೆಲವರು "ನಂಗೂ ಒಂದು ಮಾಡಿಕೊಡು" ಅನ್ನುತ್ತಿದ್ದಾರೆ. ಹಿಡಿಗೆ ಎಣ್ಣೆ ಕುಡಿಸಿದ ಮೇಲೆ ಎರಡು ಮಳೆಗಾಲ ಅದೇ ಚಾಕು ಜೇಬಲ್ಲಿತ್ತು. ಒಂದು ದಿನವೂ ಕಚ್ಚಿಕೊಳ್ಳಲಿಲ್ಲ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಬರೆದುಬಿಡುತ್ತೇನೆ.

ನಾನು ಸಾಗರದ ಕಡೆಯವನು. ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿ ಮಾವಿನ ಗಿಡಕ್ಕೆ ಕಸಿ ಕಟ್ಟುತ್ತೇನೆ. ಅನಂತಭಟ್ಟ, ಮಾಳಂಜಿ, ಜೀರಿಗೆ ಮಿಡಿ, ಕೇಳಿದವರಿಗೆ ಕರ್ಣಕುಂಡಲ. ಚಪ್ಪರದಡಿ ಕೂತೇ ಕೆಲಸ ಮುಗಿಸುವವರಿಗೆ ಮಡಚದ ಕಸಿ ಚಾಕು ಸಾಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಸಿಗೆ ಬೇಕಾದ ತಳಿಯ ಕಡ್ಡಿಗಾಗಿ ಹೊಳೆದಂಡೆಯ ಹಳೇ ಮರಗಳನ್ನು ಹುಡುಕಿಕೊಂಡು ಬೈಕಲ್ಲಿ ಅಲೆಯುವವನಿಗೆ ಮಡಚುವುದೇ ಬೇಕು. ಮಳೆಯಲ್ಲಿ ಮರ ಹತ್ತುವಾಗ ಸೊಂಟದಲ್ಲಿ ತೆರೆದ ಅಲಗು ಇಟ್ಟುಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಮಡಚುವುದು ಅಂದಮೇಲೆ ತೆರೆದ ಅಲಗು ತಾನಾಗಿ ಮಡಚದಂತೆ ಹಿಡಿಯುವ ಲಾಕ್ ಬೇಕು. ಬೇರುಗಿಡದ (ಕಡ್ಡಿ ಕೂರಿಸುವ ಬುಡದ ಗಿಡ) ತಲೆ ಸೀಳಿದ ಮೇಲೆ ಅಲಗನ್ನು ಮೇಲಕ್ಕೆ ಎತ್ತುತ್ತೇವಲ್ಲ, ಸೀಳಿನ ಎರಡೂ ಕಡೆ ಕಚ್ಚಿ ಹಿಡಿದಿರುತ್ತದೆ. ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಂತ ಚಾಕು ಆಗ ಮಡಚಿಕೊಳ್ಳಲು ನೋಡುತ್ತದೆ. ಕೆಳಗಿರುವುದು ನಮ್ಮ ತೋರುಬೆರಳು. ವಿಕ್ಟೋರಿನಾಕ್ಸ್ ಥರದ ಕೆಂಪು ಚಾಕುಗಳನ್ನು ಇಷ್ಟಪಡುವವರು ಬೇಜಾರು ಮಾಡ್ಕೋಬೇಡಿ, ಹಣ್ಣು ಹೆಚ್ಚಲು, ಕವಳಕ್ಕೆ ಅಡಕೆ ಕೆರೆಯಲು ಅವು ಚಿನ್ನದಂಥವು. ಲಾಕಿಲ್ಲದ್ದು ಸೀಳುವ ಕೆಲಸಕ್ಕೆ ಬೇಡ ಅಷ್ಟೇ.

ಮೊದಲು ಹೋದದ್ದು ಲೈನರ್ ಲಾಕ್ ಕಡೆಗೆ. ಎಲ್ಲರೂ ಅದನ್ನೇ ಹೇಳುತ್ತಿದ್ದರು, ಸಿಗುವುದೂ ಅದೇ ಜಾಸ್ತಿ. ಸಾವಿರದ ಎಂಟುನೂರೋ ಎರಡು ಸಾವಿರವೋ ಕೊಟ್ಟ ನೆನಪು. ಚೀನಾ ಮಾಲು, ಹೆಸರು ಬೇಡ. ಒಳಗಿನ ತಗಡಿನ ಪಟ್ಟಿ ಅಡ್ಡ ಸರಿದು ಅಲಗಿನ ಬುಡಕ್ಕೆ ಊರಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿತ್ತು. ಆದರೆ ಮಾವಿನ ಸೊನೆ ಗೊತ್ತಲ್ಲ. ಹನಿ ಹನಿಯಾಗಿ ಒಳಗಿಳಿದು ಕಪ್ಪಗೆ ಅಂಟಾಗುತ್ತದೆ. ಪಟ್ಟಿ ಊರುವ ಜಾಗದಲ್ಲೇ ಅಂಟು ಕೂತರೆ ಅದು ಪೂರ್ತಿ ಒಳಗೆ ಬರುವುದಿಲ್ಲ, ಅಂಚಿನಲ್ಲಿ ಮಾತ್ರ ತಾಗಿ ನಿಲ್ಲುತ್ತದೆ. ನೋಡಿದರೆ ಲಾಕ್ ಆಗಿದೆ. ಸ್ವಲ್ಪ ತಿರುಚಿದರೆ ಜಾರುತ್ತದೆ. ದಿನಾ ಸಂಜೆ ಸೀಮೆಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್ಷಲ್ಲಿ ತಿಕ್ಕಿದೆ. ಅಂಟು ಹೋಗುತ್ತದೆ, ಜೊತೆಗೆ ಒಳಗಿದ್ದ ಎಣ್ಣೆಯೂ ಹೋಗುತ್ತದೆ, ಬೆಳಿಗ್ಗೆ ನೋಡಿದರೆ ತುಕ್ಕು.

ಇನ್ನೊಂದು ತೊಂದರೆ, ನಾನು ಎಡಚ. ಲೈನರ್ ಲಾಕಿನ ಪಟ್ಟಿ ಬಲಗೈ ಹೆಬ್ಬೆರಳಿಗೆ ಸಿಗುವಂತೆ ಇರುತ್ತದೆ. ಎಡಗೈಯಲ್ಲಿ ಮಡಚಲು ಹೋದರೆ ಬೆರಳನ್ನು ವಕ್ರ ಮಾಡಿ, ಅಲಗು ಬರುವ ದಾರಿಯಲ್ಲೇ ಇಟ್ಟು ಒತ್ತಬೇಕು. ಒದ್ದೆ ಕೈಯಲ್ಲಿ ಬೇಡವೇ ಬೇಡ.

ಆಮೇಲೆ ಬೆನ್ನಿನ ಲಾಕ್. ಹಿಡಿಯ ಬೆನ್ನಿನಲ್ಲಿರುವ ಪಟ್ಟಿ ಅಲಗಿನ ಬುಡದ ಕಚ್ಚಿಗೆ ಕೂತು ಹಿಡಿಯುವಂಥದ್ದು. ಅಮೆರಿಕದ ಬಕ್ ಕಂಪನಿ 1960ರ ದಶಕದಲ್ಲಿ 110 ಅಂತ ಒಂದು ಚಾಕು ತಂದು ಈ ಲಾಕನ್ನು ಲೋಕಕ್ಕೆಲ್ಲ ಪರಿಚಯ ಮಾಡಿಸಿತು. ನನ್ನದು ಅದಲ್ಲ, ಅದರ ನಕಲು. ಮುರಿಯುವ ಮಾತೇ ಇಲ್ಲ, ಅಷ್ಟು ಗಟ್ಟಿ. ಆದರೆ ಇನ್ನೂರು ಗ್ರಾಂ ಹತ್ತಿರ ತೂಕ. ಬರ್ಮುಡಾ ಜೇಬಿಗೆ ಹಾಕಿದರೆ ಒಂದು ಕಡೆ ಚಡ್ಡಿಯೇ ಇಳಿಯುತ್ತದೆ. ಹಿಂಬದಿ ಕಚ್ಚಿನೊಳಗೆ ಜೇಬಿನ ನೂಲು, ಜಂಬಿಟ್ಟಿಗೆ ಮಣ್ಣು ತುಂಬಿ ಗಟ್ಟಿಯಾಗುತ್ತದೆ, ತೆಗೆಯಲು ಸೂಜಿಯೇ ಬೇಕು. ಅದು ಈಗ ಕೊಟ್ಟಿಗೆಯಲ್ಲಿದೆ, ಹಗ್ಗ ಕತ್ತರಿಸಲಿಕ್ಕೆ.

ಮೂರನೆಯದಕ್ಕೆ ಜಾಸ್ತಿ ದುಡ್ಡು ಹೋಯಿತು. ಅಡ್ಡ ಸರಳಿನ ಲಾಕ್. ಹಿಡಿಗೆ ಅಡ್ಡಲಾಗಿರುವ ಸಣ್ಣ ಸರಳು ಮುಂದೆ ಸರಿದು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಬೆಂಚ್‌ಮೇಡ್ ಕಂಪನಿ ಆಕ್ಸಿಸ್ ಅಂತ ಹೆಸರಿಟ್ಟು 1998ರ ಹೊತ್ತಿಗೆ ತಂದದ್ದು. ಪೇಟೆಂಟ್ ಮುಗಿದ ಮೇಲೆ ಎಲ್ಲರೂ ಮಾಡುತ್ತಿದ್ದಾರೆ, ಹಾಗಾಗಿ ನಮ್ಮಂಥವರ ಕೈಗೂ ಎಟುಕಿತು. ಎಡಗೈಗೂ ಬಲಗೈಗೂ ಒಂದೇ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟೆ, ಮನೆಯಲ್ಲಿ ಎರಡು ಸಾವಿರ ಅಂತ ಹೇಳಿದ್ದೆ. ತೆರೆಯುವುದು ಮುಚ್ಚುವುದು ಎಷ್ಟು ಸಲೀಸು ಅಂದರೆ ಸುಮ್ನೆ ಕೂತಾಗಲೂ ಕೈ ಅದರ ಮೇಲೇ ಇರುತ್ತಿತ್ತು. ಆ ಸರಳನ್ನು ಮುಂದಕ್ಕೆ ತಳ್ಳುವುದು ಒಳಗಿರುವ ಎರಡು ಕೂದಲೆಳೆಯಂಥ ತಂತಿ ಸ್ಪ್ರಿಂಗು. ನಮ್ಮ ಆಗಸ್ಟ್ ತಿಂಗಳ ತೇವಕ್ಕೆ ಒಂದು ತುಕ್ಕು ಹಿಡಿದು ತುಂಡಾಯಿತು. ಒಂದೇ ಸ್ಪ್ರಿಂಗಲ್ಲಿ ಸರಳು ಓರೆಯಾಗಿ ಕೂರತೊಡಗಿತು. ಬಿಡಿ ಸ್ಪ್ರಿಂಗು ತರಿಸಲು ನೋಡಿದೆ, ಸಿಗಲಿಲ್ಲ. ಗಿಟಾರ್ ತಂತಿ ಬಗ್ಗಿಸಿ ನಾನೇ ಒಂದು ಮಾಡಿದೆ, ನಡೆಯಿತು ಕೂಡ! ಆದರೆ ಬಿಗಿ ಕಮ್ಮಿ. ಅದನ್ನು ನಂಬಿ ಬೆರಳಿಡಲು ಮನಸ್ಸಾಗಲಿಲ್ಲ.

ಅಲ್ಲಿಗೆ ಹತ್ತು ಸಾವಿರದ ಮೇಲೆ ಕರಗಿತ್ತು. "ಮ್ಯೂಸಿಯಂ ಯಾವಾಗ ಓಪನ್ನು?" ಅಂತ ಹೆಂಡತಿ ಕೇಳಿದ್ದು ಅದೇ ಹೊತ್ತಿಗೆ.

ಉಂಗುರದ ಲಾಕ್ ಎಲ್ಲಕ್ಕಿಂತ ಸರಳ. ಫ್ರಾನ್ಸಿನ ಸವೋಯ್ ಬೆಟ್ಟಗಳ ಕಡೆ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ರೈತರ ಚಾಕು ಶುರು ಮಾಡಿದ. 1955ರಲ್ಲಿ ಅದಕ್ಕೆ ತಿರುಗುವ ಉಂಗುರ ಬಂತು. ತೆರೆದು ಉಂಗುರ ತಿರುಗಿಸಿದರೆ ಅಲಗಿನ ಬುಡಕ್ಕೆ ಅದು ಅಡ್ಡ ನಿಲ್ಲುತ್ತದೆ. ಸ್ಪ್ರಿಂಗೇ ಇಲ್ಲ. ಸೊನೆ ಬಿದ್ದರೂ ಬೆರಳಿನ ಬಲದಲ್ಲಿ ತಿರುಗಿಸಬಹುದು. ಎಡಚ ಬಲಚ ಭೇದ ಇಲ್ಲ. ಮುಚ್ಚಿದಾಗಲೂ ತಿರುಗಿಸಿ ಬಂದ್ ಮಾಡಬಹುದು, ಜೇಬಲ್ಲಿ ಇಡುವವನಿಗೆ ಅರ್ಧ ನೆಮ್ಮದಿ ಅದೇ. ಒಪಿನೆಲ್‌ನ ಎಂಟನೇ ನಂಬರಿನದು ಎಂಟೂವರೆ ಸೆಂಟಿಮೀಟರ್ ಅಲಗು, ಐವತ್ತು ಗ್ರಾಂ ಆಸುಪಾಸು ತೂಕ. ನಾನು ತಂದದ್ದು ಅದೇ ಅಳತೆಯ, ಅದೇ ಮಾದರಿಯ ಒಂದು ಚಾಕು.

ತೊಂದರೆ ಮರದ್ದು. ಹಿಡಿಗೆ ಹಾಕುವ ಬೀಚ್ ಅನ್ನುವ ಯುರೋಪಿನ ಮರ ನೀರು ಕುಡಿಯುತ್ತದೆ, ಅದರ ಗುಣವೇ ಅದು. ಉಬ್ಬಿದಾಗ ಹಿಡಿಯಲ್ಲಿ ಅಲಗು ಕೂರುವ ಸೀಳು ಬಿಗಿಯಾಗುತ್ತದೆ, ಉಗುರಿಟ್ಟು ಎಳೆದರೆ ಉಗುರೇ ಬರುತ್ತದೆ. ಸವೋಯ್ ಕಡೆಯವರು ಹಿಡಿಯ ಹಿಂಬದಿಯನ್ನು ಮೇಜಿಗೋ ಕಲ್ಲಿಗೋ ಕುಟ್ಟಿ ಅಲಗನ್ನು ಹೊರಗೆ ನೆಗೆಸುತ್ತಾರೆ. ನಾನೂ ಕುಟ್ಟಿದ್ದೇನೆ. ಆದರೆ ಅದು ಒಂದಿಷ್ಟು ನೀರು ತಾಗಿದ ಚಾಕುವಿಗೆ ಹೇಳಿದ ಉಪಾಯ. ನಮ್ಮಲ್ಲಿ ಮಳೆ ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಬಿಡಲ್ಲ, ಗೋಡೆ ಬೆವರುತ್ತದೆ, ಕಪಾಟಿನ ಬಟ್ಟೆಗೆ ಬೂಸಲು. ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ, ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಒಣಗುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ.

ಎಣ್ಣೆ ಕುಡಿಸುವುದು ಹೊಸದೇನಲ್ಲ. ಯಾವ ಎಣ್ಣೆ, ಹೇಗೆ ಅನ್ನುವುದರಲ್ಲೇ ಎಲ್ಲ ಇದೆ. ತೆಂಗಿನೆಣ್ಣೆ ಒಣಗುವುದೇ ಇಲ್ಲ, ತಿಂಗಳು ಕಳೆದರೆ ಮುಗ್ಗಲು ವಾಸನೆ. ಹೊನ್ನೆ ಎಣ್ಣೆ ಹಾಕಿ ನೋಡಿದೆ. ಪರವಾಗಿಲ್ಲ, ಆದರೆ ಆ ಘಾಟು ಕೈಯಿಂದ ಊಟದ ಬಾಳೆಗೂ ಬರುತ್ತದೆ. ಗೇರುಬೀಜದ ಸಿಪ್ಪೆ ಎಣ್ಣೆಯನ್ನು ಕರಾವಳಿಯಲ್ಲಿ ದೋಣಿಗೆ, ಮಾಡಿನ ಪಕಾಸಿಗೆ ಬಳಿಯುತ್ತಾರಲ್ಲ, ಅದನ್ನೂ ಒಂದು ಹಳೇ ಹಿಡಿಗೆ ಬಳಿದೆ. ನೀರು ತಡೆಯುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಅಂಗೈ ಸುಟ್ಟ ಹಾಗೆ ಗುಳ್ಳೆ ಎದ್ದು ವಾರ ಗಟ್ಟಲೆ ಕೆಲಸ ನಿಂತಿತು. ಆ ಹಿಡಿಯನ್ನು ಈಗಲೂ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಗೆದ್ದದ್ದು ಅಗಸೆ ಎಣ್ಣೆ. ಹಸಿಯದ್ದಲ್ಲ, ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್. ಅರ್ಧ ಲೀಟರಿಗೆ ನೂರೈವತ್ತೋ ಇನ್ನೂರೋ ಇರಬೇಕು. ಆದರೆ ಬಟ್ಟೆಯಲ್ಲಿ ಒರೆಸಿ ಇಟ್ಟರೆ ಮೇಲ್ಮೈಯಲ್ಲೇ ಉಳಿಯುತ್ತದೆ, ಒಂದು ಮಳೆಗೆ ಮುಗಿಯಿತು. ಏಪ್ರಿಲ್ ಬಿಸಿಲಲ್ಲಿ ಹಿಡಿಯನ್ನು ಪೂರ್ತಿ ಒಣಗಿಸಿ. ಮೊದಲು ಸರ್‌ಕ್ಲಿಪ್ ಪ್ಲೈಯರಲ್ಲಿ (ಉಂಗುರ ಅಗಲಿಸುವ ಇಕ್ಕಳ) ಉಂಗುರ ಬಿಚ್ಚಿ. ಅಲಗು ತಿರುಗುವ ಮೊಳೆ, ಅದೇ ರಿವೆಟ್, ಅದನ್ನು ಮುಟ್ಟಬೇಡಿ. ಸೀಳಿನ ಒಳಗೋಡೆಯನ್ನು, ಅದರಲ್ಲೂ ರಿವೆಟ್ ಹತ್ತಿರದ ಭಾಗವನ್ನು, ಹಳೇ ಹ್ಯಾಕ್ಸಾ ಬ್ಲೇಡಿಗೆ ಮರಳು ಕಾಗದ ಅಂಟಿಸಿ ಉಜ್ಜಿ. ಎಲ್ಲರೂ ಮೇಲ್ಭಾಗ ಮಾತ್ರ ಉಜ್ಜುತ್ತಾರೆ, ಕಚ್ಚುವುದು ಬುಡದಲ್ಲಿ. ಒಣಗಿದಾಗ ಅಲಗು ಸ್ವಲ್ಪ ಲೊಡಲೊಡ ಅನ್ನುವಷ್ಟು ಸಡಿಲ ಇರಲಿ. ಉಂಗುರ ಹಾಕಿದರೆ ಅದು ಬಿಗಿಯಾಗುತ್ತದೆ.

ಆಮೇಲೆ ಹಿಡಿ ಮುಳುಗುವಷ್ಟು ಎಣ್ಣೆಯನ್ನು ಉದ್ದನೆ ಡಬ್ಬದಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಉಗುರುಬೆಚ್ಚಗೆ ಮಾಡಿ ಮುಳುಗಿಸಿ. ನೇರ ಒಲೆಗೆ ಇಡಬೇಡಿ. ಮರದಿಂದ ಸಣ್ಣ ಗುಳ್ಳೆ ಮೇಲೆ ಬರುತ್ತಾ ಇರುತ್ತದೆ, ನೋಡಲು ಮಜಾ. ಗುಳ್ಳೆ ನಿಂತ ಮೇಲೂ ಒಂದು ರಾತ್ರಿ ಹಾಗೇ ಬಿಡಿ, ತಣ್ಣಗಾಗುವಾಗಲೇ ಎಣ್ಣೆ ಒಳಗೆ ಎಳೆದುಕೊಳ್ಳುವುದು. ಒರೆಸಿ ನೆರಳಲ್ಲಿ ನೇತುಹಾಕಿ. ಜಿಡ್ಡು ಹೋಗಲು ಎರಡು ಮೂರು ವಾರ ಬೇಕು, ಅವಸರ ಮಾಡಿದರೆ ಕೈಗೆ ಅಂಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ. ಕೊನೆಗೆ ಸೀಳಿನೊಳಗೆ ಜೇನುಮೇಣ ಕರಗಿಸಿ ಬಿಡಬೇಕು.

ಎಣ್ಣೆಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ನಮ್ಮ ಮನೆ ಅಂಗಳದಲ್ಲೇ ಸಿಗುವಂಥದ್ದು. ಅದು ಇಲ್ಲಿ ಬೇಡ. ಉಂಗುರ ಬಿಗಿಯಾಗಿ ಕೂರಲು ಅದನ್ನು ಎಲ್ಲಿ ಎಷ್ಟು ಹಿಂಡುತ್ತೇನೆ ಅನ್ನುವುದನ್ನೂ ಬರೆದು ಹೇಳಲು ಬರಲ್ಲ. ಮನೆಗೆ ಬನ್ನಿ, ಕವಳ ಹಾಕುತ್ತಾ ನೋಡೋಣ.

ನಂಬದ ಪಕ್ಕದ ಮನೆಯವರ ಎದುರಿಗೇ ಪರೀಕ್ಷೆ ಮಾಡಿದೆ. ಎಣ್ಣೆ ಕುಡಿಸಿದ್ದು ಒಂದು, ಅಂಗಡಿಯಿಂದ ತಂದ ಹಾಗೇ ಇದ್ದದ್ದು ಒಂದು, ಎರಡನ್ನೂ ರಾತ್ರಿ ಬಕೆಟ್ ನೀರಲ್ಲಿ ಹಾಕಿಟ್ಟೆವು. ಬೆಳಿಗ್ಗೆ ಹಾಗೇ ಇದ್ದದ್ದನ್ನು ಬಟ್ಟೆ ಒಗೆಯುವ ಕಲ್ಲಿಗೆ ಕುಟ್ಟಿದರೂ ಬರಲಿಲ್ಲ, ಇಕ್ಕಳ ಬೇಕಾಯಿತು. ನನ್ನದು ಉಗುರಲ್ಲಿ ತೆರೆಯಿತು. ಸ್ವಲ್ಪ ಬಿಗಿ ಇತ್ತು, ಸುಳ್ಳು ಹೇಳಲ್ಲ. "ಬಕೆಟ್ಟಲ್ಲಿ ಸರಿ, ಮಳೇಲಿ ನೋಡುವ" ಅಂದರು. ಮಳೆಯಲ್ಲೂ ನೋಡಿದರು.

ಇನ್ನು ಜೇಬು. ಕ್ಲಿಪ್ ಇರುವುದೇ ಬೇಕು ಎನ್ನುವವರು ತುಂಬ ಜನ. ಸ್ಪೈಡರ್ಕೊ ಕಂಪನಿ 1981ರಲ್ಲಿ ಚಾಕುವಿಗೆ ಕ್ಲಿಪ್ ಹಾಕಿ ತಂದಮೇಲೆ ಎಲ್ಲ ಕಂಪನಿಯವರೂ ಹಾಕುತ್ತಾರೆ. ಪ್ಯಾಂಟ್ ಹಾಕಿ ನಡೆದಾಡುವವರಿಗೆ ಸರಿ. ಮಣೆ ಮೇಲೆ ಕುಕ್ಕರುಗಾಲಲ್ಲಿ ಕೂತು ದಿನಕ್ಕೆ ನೂರು ನೂರೈವತ್ತು ಕಸಿ ಕಟ್ಟುವಾಗ ಕ್ಲಿಪ್ಪಿನ ಚಾಕು ತೊಡೆಸಂದಿಗೆ ಒತ್ತುತ್ತದೆ. ಬೇಲಿ ನುಸುಳಿದರೆ ತಂತಿಗೆ ಸಿಕ್ಕಿ ಕ್ಲಿಪ್ ಬಾಗುತ್ತದೆ. ಅಂಗಿ ಜೇಬಲ್ಲಿಟ್ಟರೆ ಬಗ್ಗಿದ ಕೂಡಲೇ ಕೆಳಗೆ. ನನ್ನ ಒಂದು ಒಳ್ಳೆ ಚಾಕು ಬಾವಿಯ ತಳದಲ್ಲಿದೆ. ಕಾಲಿನ ಪಕ್ಕದ ದೊಡ್ಡ ಜೇಬಲ್ಲಿ ಹಾಕಿದರೆ ನಡೆದಂತೆ ಮೊಣಕಾಲಿಗೆ ಕುಟ್ಟುತ್ತದೆ. ಪಂಚೆಯಲ್ಲಂತೂ ಕೇಳಲೇ ಬೇಡಿ.

ನಾನು ಮಾಡಿಸಿದ್ದು ಇಷ್ಟು. ಎಡ ಜೇಬಿನ ಒಳಗೆ, ಹೊರಬದಿ ಹೊಲಿಗೆಗೆ ಸೇರಿಸಿ, ಹಳೇ ಜೀನ್ಸ್ ಬಟ್ಟೆಯ ಕಿರಿದಾದ ಕೊಳವೆ ಜೇಬು. ಚಾಕು ಅದರಲ್ಲಿ ನೆಟ್ಟಗೆ ನಿಲ್ಲಬೇಕು, ಹಿಡಿಯ ತುದಿ ಅರ್ಧ ಇಂಚು ಮೇಲೆ ಕಾಣಬೇಕು. ಕೂತಾಗ ತೊಡೆಯ ಪಕ್ಕಕ್ಕೆ ಸರಿಯುತ್ತದೆ, ಒತ್ತುವುದಿಲ್ಲ. ಕೆಳತುದಿ ಪೂರ್ತಿ ಹೊಲಿಯಬೇಡಿ, ಬೆರಳು ತೂರದಷ್ಟು ಸಣ್ಣ ತೂತು ಬಿಡಿ, ನೀರು, ಧೂಳು, ನೂಲು ಅಲ್ಲಿಂದ ಹೊರಗೆ. ಟೇಲರು ಒಂದು ಚಡ್ಡಿಗೆ ಮೂವತ್ತು ರೂಪಾಯಿ ತಗೊಂಡ, ನಕ್ಕಿದ್ದಕ್ಕೆ ಬೇರೆ ಚಾರ್ಜ್ ಹಾಕಲಿಲ್ಲ. ಹಿಡಿಯ ತುದಿಗೆ ಹಳದಿ ನೈಲಾನ್ ದಾರ ಕಟ್ಟಿ. ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ) ಬಿದ್ದ ಮರದ ಹಿಡಿ ಹುಡುಕಿದವರಿಗೆ ಯಾಕೆ ಅಂತ ಗೊತ್ತು.

ಅಲಗಿನ ಬಗ್ಗೆ ಒಂದೇ ಮಾತು. ಸ್ಟೇನ್‌ಲೆಸ್ ಬೇಡ, ಕಾರ್ಬನ್ ಉಕ್ಕು ಇರಲಿ, ತೋಟದಲ್ಲೇ ಸಾಣೆಕಲ್ಲಿಗೆ ನಾಲ್ಕು ಎಳೆ ಎಳೆದರೆ ಹರಿತ. ಸೊನೆಗೆ ಕಪ್ಪಾಗುತ್ತದೆ, ಆಗಲಿ. ಕಸಿಗೆ ಒಂದೇ ಬದಿ ಮಸೆಯಬೇಕು. ಎಡಚರು ಅಂಗಡಿಯ ಕಸಿ ಚಾಕು ತಂದು ಒದ್ದಾಡಬೇಡಿ, ಮಸೆತ ಉಲ್ಟಾ ಇರುತ್ತದೆ. ನಾನು ಎರಡು ಬದಿಯ ಅಲಗನ್ನೇ ತಂದು ನನ್ನ ಕೈಗೆ ಬೇಕಾದ ಬದಿಗೆ ತಿರುಗಿಸಿಕೊಂಡೆ. ಒಂದು ಭಾನುವಾರ ಪೂರ್ತಿ ಹೋಯಿತು.

ಪೊಲೀಸರು ಹಿಡಿಯುತ್ತಾರಾ ಅಂತ ಕೇಳುವವರಿದ್ದಾರೆ. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳ ಮಾತು ಆಯುಧ ನಿಯಮದಲ್ಲಿದೆ, ಅದರಲ್ಲೂ ಮನೆಬಳಕೆ, ಕೃಷಿಯ ಚಾಕು ಬೇರೆ. ನಮ್ಮದು ಮೂರೂವರೆ ಇಂಚೂ ಇಲ್ಲ. ಗುಂಡಿ ಒತ್ತಿದರೆ ಚಟ್ ಅಂತ ಹಾರುವ ಚಾಕು ಇಟ್ಟುಕೊಂಡರೆ ಮಾತ್ರ ಪೇಟೆಯಲ್ಲಿ ಉತ್ತರ ಹೇಳುವುದು ಕಷ್ಟ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಕಿತ್ತುಕೊಳ್ಳುತ್ತಾರೆ.

ಚಾಕು ಬದಲಾಯಿಸಿದ್ದಕ್ಕೆ ಕಸಿ ಹಿಡಿಯುವುದು ಜಾಸ್ತಿ ಆಯಿತಾ? ಇಲ್ಲ. ಮೊದಲೂ ನೂರಕ್ಕೆ ಎಪ್ಪತ್ತು ಚಿಲ್ಲರೆ, ಈಗಲೂ ಅಷ್ಟೇ. ಅದು ಕಡ್ಡಿ ಮತ್ತು ಕೈಗೆ ಬಿಟ್ಟದ್ದು. ಆದರೆ ಮಧ್ಯಾಹ್ನ ಚಾಕು ಬಿಚ್ಚಿ ತೊಳೆಯುವ ಕೆಲಸ ತಪ್ಪಿತು, ದಿನಕ್ಕೆ ಇಪ್ಪತ್ತು ಮೂವತ್ತು ಕಸಿ ಹೆಚ್ಚು ಕಟ್ಟುತ್ತೇನೆ. ನೂರು ನೂರಿಪ್ಪತ್ತಕ್ಕೆ ಒಂದು ಗಿಡ ಮಾರುವಾಗ ಲೆಕ್ಕ ನೀವೇ ಹಾಕಿ.

ಈ ಬೇಸಿಗೆಗೆ ಹಲಸಿನ ಮರದಲ್ಲೇ ಹಿಡಿ ಕೆತ್ತಿಸಿ ನೋಡುವ ಯೋಚನೆ ಇದೆ, ಆಚಾರಿಯ ಹತ್ತಿರ ತುಂಡು ಕೊಟ್ಟಾಗಿದೆ. ಬೀಚ್ ಹಿಡಿಯದ್ದನ್ನು ಮಾಡಿಸಿಕೊಳ್ಳುವವರು ಏಪ್ರಿಲ್ ಒಳಗೆ ತಂದುಕೊಡಿ. ಎಣ್ಣೆ ಖರ್ಚು ಕೊಟ್ಟರೆ ಸಾಕು, ಉಂಗುರ ಹಿಂಡುವ ಕೂಲಿ ಬೇರೆ.