ಸಂಬಳ ಬಾಕಿ ಇದೆಯೇ? ದೂರಿಗೆ ಮೊದಲು ಲೆಕ್ಕದ ಹಾಳೆ ಬರೆಯಿರಿ

ಲೇಬರ್ ಆಫೀಸಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ‘ಹಲವು ತಿಂಗಳಿಂದ ಸಂಬಳ ಕೊಟ್ಟಿಲ್ಲ, ತುಂಬಾ ಅನ್ಯಾಯವಾಗಿದೆ, ದಯವಿಟ್ಟು ನ್ಯಾಯ ಕೊಡಿಸಿ.’ ಯಾವ ತಿಂಗಳು, ಎಷ್ಟು ರೂಪಾಯಿ, ಯಾವ ದಿನ ಕೈಗೆ ಬರಬೇಕಿತ್ತು ಎಂಬ ಮಾತೇ ಇರುವುದಿಲ್ಲ. ಅನ್ಯಾಯ ಆಗಿರುವುದು ನಿಜವೇ. ಆದರೆ ಅಧಿಕಾರಿ ಆದೇಶದಲ್ಲಿ ಬರೆಯಬೇಕಾದದ್ದು ಮೊತ್ತವನ್ನು. ಅದನ್ನು ನೀವು ಹೇಳದಿದ್ದರೆ ಮಾಲೀಕರು ಹೇಳುತ್ತಾರೆ, ತಮಗೆ ಬೇಕಾದ ಹಾಗೆ.

ಮೊದಲು ಕಾನೂನು, ಚುಟುಕಾಗಿ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವೇತನ ಪಾವತಿ, ಕನಿಷ್ಠ ವೇತನ, ಬೋನಸ್, ಸಮಾನ ವೇತನ ಈ ನಾಲ್ಕರ ಹಳೆಯ ಕಾಯ್ದೆಗಳೂ ಇದರೊಳಗೆ ಸೇರಿವೆ. ವೇತನ ಪಾವತಿಯ ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿ ಮೀರದ ಸಂಬಳದವರಿಗಷ್ಟೇ ಅನ್ವಯಿಸುತ್ತಿತ್ತು. ಈಗ ಆ ಮಿತಿ ಇಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬರಬೇಕು. ಕೆಲಸ ಬಿಟ್ಟರೂ, ತೆಗೆದುಹಾಕಿದರೂ 2 ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಆಗಬೇಕು. ‘ಫುಲ್ ಅಂಡ್ ಫೈನಲ್‌ಗೆ (ಕೊನೆಯ ಲೆಕ್ಕ ಚುಕ್ತಾಕ್ಕೆ) 45 ದಿನ ಕಾಯಿರಿ’ ಎನ್ನುವುದು ಎಚ್‌ಆರ್ ವಿಭಾಗದ ರೂಢಿ, ಕಾನೂನಲ್ಲ.

ಹಂತ 1: ಸಹಿ ಹಾಕಬೇಡಿ. ‘ನನಗೆ ಬರಬೇಕಾದದ್ದೆಲ್ಲ ಬಂದಿದೆ’ ಎಂಬ ಕಾಗದಕ್ಕೆ ಹಣ ಖಾತೆಗೆ ಬೀಳುವ ಮುನ್ನ ಸಹಿ ಬೇಡ. ಬರಬೇಕಾದ ಹಣದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಸಂಹಿತೆಯ ಪ್ರಕಾರ ಅಸಿಂಧು. ಆದರೂ ವಿಚಾರಣೆಯಲ್ಲಿ ಆ ಸಹಿಯೇ ನಿಮ್ಮ ಮುಂದೆ ಬಂದು ಕೂರುತ್ತದೆ.

ಹಂತ 2: ಕೆಲಸ ಮಾಡಿದ್ದಕ್ಕೆ ಪುರಾವೆ. ಎಲ್ಲರೂ ಎಡವುವುದು ಇಲ್ಲೇ. ಸಂಬಳ ಬಂದಿಲ್ಲ ಎಂದು ತೋರಿಸಲು ಬ್ಯಾಂಕ್ ಸ್ಟೇಟ್‌ಮೆಂಟಿನ ಕಂತೆಯನ್ನೇ ತರುತ್ತಾರೆ. ಹಣ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆಯನ್ನು ಸಂಹಿತೆ ಮಾಲೀಕರ ಮೇಲೆಯೇ ಹೊರಿಸಿದೆ. ಅವರ ಮೊದಲ ಉತ್ತರ ‘ಇವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಅಥವಾ ‘ಆ ತಿಂಗಳು ಬರಲೇ ಇಲ್ಲ’ ಎಂದಿರುತ್ತದೆ. ಹಾಗಾಗಿ ನೇಮಕಾತಿ ಪತ್ರ, ಗುರುತಿನ ಚೀಟಿ, ಹಾಜರಿ ಪುಸ್ತಕದ ಫೋಟೊ, ಶಿಫ್ಟ್ ಪಟ್ಟಿ, ಮೇಲಧಿಕಾರಿ ಕೆಲಸ ವಹಿಸಿದ ವಾಟ್ಸ್ಆ್ಯಪ್ ಸಂದೇಶ ಇವನ್ನು ಕೂಡಿಸಿ. ನೇಮಕಾತಿ ಪತ್ರವನ್ನೇ ಕೊಡದಿದ್ದರೆ ಪಿಎಫ್ ಪಾಸ್‌ಬುಕ್ ತೆಗೆಯಿರಿ; ಅದರಲ್ಲಿ ಸಂಸ್ಥೆಯ ಹೆಸರೂ ಇರುತ್ತದೆ, ಸಂಸ್ಥೆಯೇ ತೋರಿಸಿದ ವೇತನವೂ ಇರುತ್ತದೆ. ಇಎಸ್‌ಐ ದಾಖಲೆಯೂ ಆಗುತ್ತದೆ. ಸಂದೇಶಗಳ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಇಡೀ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ. ಆ ಫೋನನ್ನು ಮಾರಬೇಡಿ. ಆಫೀಸ್ ಇಮೇಲ್ ಬಂದ್ ಆಗುವ ಮೊದಲೇ ನಿಮ್ಮ ಪೇ ಸ್ಲಿಪ್‌ಗಳನ್ನು ಇಳಿಸಿಕೊಳ್ಳಿ. ಕಂಪನಿಯ ಗ್ರಾಹಕರ ಕಡತಗಳನ್ನು ಮಾತ್ರ ಮುಟ್ಟಬೇಡಿ; ನಿಮ್ಮ ಮೇಲೆಯೇ ಕೇಸು ಬೀಳುತ್ತದೆ.

ಹಂತ 3: ಲೆಕ್ಕದ ಹಾಳೆ. ಒಂದು ತಿಂಗಳಿಗೆ ಒಂದು ಸಾಲು. ಬರಬೇಕಿದ್ದ ತಾರೀಕು, ಬರಬೇಕಿದ್ದ ಮೊತ್ತ, ಬಂದದ್ದು, ಬಾಕಿ, ಅದಕ್ಕೆ ಪುರಾವೆ ಯಾವುದು – ಐದೇ ಕಲಂ. ಓವರ್‌ಟೈಮಿಗೆ ಬೇರೆ ಹಾಳೆ ಮಾಡಿ, ಎರಡನ್ನೂ ಕಲಸಬೇಡಿ. ಕನಿಷ್ಠ ವೇತನ ನಿಗದಿಯಾಗಿರುವ ಕೆಲಸದಲ್ಲಿ ಓವರ್‌ಟೈಮಿಗೆ ಸಾಮಾನ್ಯ ದರದ ದುಪ್ಪಟ್ಟಿಗೆ ಕಡಿಮೆ ಇಲ್ಲದಂತೆ ಕೊಡಬೇಕು. ಸಂಬಳ 20,800 ರೂಪಾಯಿ ಎಂದುಕೊಳ್ಳಿ: ರೂಢಿಯಂತೆ ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 800, ಅದನ್ನು ದಿನದ 8 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 100, ಓವರ್‌ಟೈಮಿಗೆ 200. ‘ದಿನಾ ಎರಡು ಗಂಟೆ ಹೆಚ್ಚು ದುಡಿದೆ’ ಎಂದು ಅಂದಾಜಿನಲ್ಲಿ ಬರೆದರೆ ಒಂದು ರಜೆಯ ದಿನ ಹಿಡಿದು ತೋರಿಸಿದರೂ ಹಾಳೆಯೇ ಸುಳ್ಳಾಗಿ ಕಾಣುತ್ತದೆ. ಖಚಿತವಾಗಿ ಗೊತ್ತಿರುವ ದಿನಗಳನ್ನಷ್ಟೇ ಬರೆಯಿರಿ, ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ. ದಂಡ, ಮುಂಗಡ ಎಂದು ಹಿಡಿದುಕೊಂಡ ಹಣವನ್ನೂ ಸಾಲು ಸಾಲಾಗಿ ತೋರಿಸಿ. ಒಂದು ಅವಧಿಯ ಕಡಿತಗಳೆಲ್ಲ ಸೇರಿ ವೇತನದ ಅರ್ಧ ಮೀರುವಂತಿಲ್ಲ. ಸಂಬಳ ಲೆಕ್ಕ ಹಾಕುವ ಆ್ಯಪ್‌ಗಳನ್ನು ನಂಬಬೇಡಿ, ಅವು ಭತ್ಯೆಗಳನ್ನೆಲ್ಲ ಒಟ್ಟಿಗೆ ಸುರಿಯುತ್ತವೆ. ನೋಟ್‌ಪುಸ್ತಕ, ಪೆನ್ನು ಸಾಕು.

ಹಂತ 4: ಮಾಲೀಕರಿಗೆ ಇಮೇಲ್ ಕಳಿಸಿ, ಹಾಳೆಯನ್ನು ಲಗತ್ತಿಸಿ. ನಾಲ್ಕು ಸಾಲು ಸಾಕು, ಬೈಗುಳ ಬೇಡ. ಅಂತರ್ಜಾಲದಲ್ಲಿ ಬಿಟ್ಟಿ ಸಿಗುವ ಲೀಗಲ್ ನೋಟಿಸ್ ಮಾದರಿಗಳಲ್ಲಿ ಈಗಲೂ ರದ್ದಾದ ಕಾಯ್ದೆಗಳ ಸೆಕ್ಷನ್‌ಗಳೇ ತುಂಬಿವೆ, ಅವನ್ನು ನಕಲು ಮಾಡಬೇಡಿ.

ಹಂತ 5: ಕ್ಲೇಮ್ ಅರ್ಜಿ. ಪೊಲೀಸ್ ಠಾಣೆಗೆ ಅಲೆಯಬೇಡಿ. ಸಂಹಿತೆಯಡಿ ನೇಮಕವಾದ ಪ್ರಾಧಿಕಾರದ ಮುಂದೆ ನೀವೇ, ಇಲ್ಲವೇ ಕಾರ್ಮಿಕ ಸಂಘ ಅರ್ಜಿ ಹಾಕಬಹುದು. ಅರ್ಜಿ ಹಾಕಲು ಇರುವ ಅವಧಿ 3 ವರ್ಷ. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ವಕೀಲರ ಖರ್ಚಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಆದಾಯ ಕೇಳದೆ ಉಚಿತ ನೆರವು ಸಿಗುತ್ತದೆ.

ತಾರತಮ್ಯದ ದೂರಾದರೆ ಹಾಳೆಗೆ ಇನ್ನೊಂದು ಕಲಂ ಬೇಕು: ಅದೇ ಕೆಲಸಕ್ಕೆ ಇನ್ನೊಬ್ಬರಿಗೆ ಎಷ್ಟು? ಲಿಂಗದ ಕಾರಣಕ್ಕೆ ವೇತನದಲ್ಲಾಗಲಿ, ನೇಮಕಾತಿಯಲ್ಲಾಗಲಿ ಭೇದ ಮಾಡುವಂತಿಲ್ಲ. ಹೋಲಿಸಬೇಕಾದದ್ದು ಹುದ್ದೆಯ ಹೆಸರನ್ನಲ್ಲ. ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆಯನ್ನು. ಪುರುಷ ಸಹೋದ್ಯೋಗಿಯನ್ನು ‘ಸೀನಿಯರ್ ಎಕ್ಸಿಕ್ಯುಟಿವ್’ ಎಂದೂ ನಿಮ್ಮನ್ನು ‘ಅಸೋಸಿಯೇಟ್’ ಎಂದೂ ಕರೆದಿರಬಹುದು. ಇಬ್ಬರೂ ದಿನವಿಡೀ ಮಾಡುವ ಕೆಲಸವನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಕಡಿಮೆ ಕೊಡುತ್ತಿದ್ದ ಮೆಕಿನನ್ ಮೆಕೆಂಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಕೆಲಸದ ಸ್ವರೂಪವನ್ನೇ ನೋಡಿತು. ಸಮಾನ ವೇತನ ಕೊಡಲು ಹಣವಿಲ್ಲ ಎಂಬ ಕಂಪನಿಯ ನೆಪವನ್ನು ಒಪ್ಪಲಿಲ್ಲ. ಲೈಂಗಿಕ ಕಿರುಕುಳದ ದೂರಿನ ದಾರಿಯೇ ಬೇರೆ, ಗಡುವೂ ಬೇರೆ: ಆಂತರಿಕ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು. ಅದನ್ನು ಸಂಬಳದ ಅರ್ಜಿಯೊಳಗೆ ತುರುಕಬೇಡಿ.

ವಿಚಾರಣೆಯ ದಿನ ಮಾಲೀಕರ ಕಡೆಯವರು ಕಾರಿಡಾರಿನಲ್ಲೇ ‘ಅರ್ಧ ತಗೊಳ್ಳಿ, ಉಳಿದದ್ದು ಕಂತಿನಲ್ಲಿ ಕೊಡ್ತೀವಿ, ಕೇಸ್ ವಾಪಸ್ ತಗೊಳ್ಳಿ’ ಎನ್ನುವುದು ಮಾಮೂಲು. ರಾಜಿ ತಪ್ಪಲ್ಲ. ಆದರೆ ಪ್ರತಿ ಕಂತಿನ ತಾರೀಕು, ಮೊತ್ತ ಅಧಿಕಾರಿಯ ಎದುರೇ ಬರಹಕ್ಕಿಳಿಯಲಿ. ಕೊನೆಯ ಕಂತು ಖಾತೆಗೆ ಬೀಳುವವರೆಗೆ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಡಿ.